ಕ್ಷಯರೋಗದ ಹೊಸ ಔಷಧಿಗಳು: ಪ್ರಯೋಗಶಾಲೆಯಿಂದ ಗುಳಿಗೆಯವರೆಗೆ

ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳ ಗ್ರಾಮಗಳಲ್ಲಿ ಮನೆಮನೆಗೆ ಭೇಟಿ ಕೊಡುವ ಆರೋಗ್ಯ ಕಾರ್ಯಕರ್ತರು ಕ್ಷಯರೋಗಿಯ ಮನೆಯವರಿಂದ ಎರಡು ಪ್ರಶ್ನೆಗಳನ್ನು ಕೇಳುವುದುಂಟು. ಕೆಮ್ಮು ನಿಂತು ಹಸಿವೆ ಬಂದ ಮೇಲೂ ಗುಳಿಗೆಗಳನ್ನು ಏಕೆ ನುಂಗಬೇಕು ಎಂಬುದು ಒಂದು ಪ್ರಶ್ನೆ. ಆರು ತಿಂಗಳು ಕಾಯುವ ಬದಲು ಬೇಗನೆ ಗುಣಪಡಿಸುವ ಹೊಸ ಔಷಧಿ ಬಂದಿಲ್ಲವೇ ಎಂಬುದು ಇನ್ನೊಂದು. ಈ ಎರಡೂ ಪ್ರಶ್ನೆಗಳು ಬೇರೆ ಬೇರೆಯಾಗಿ ಕಂಡರೂ ಅವುಗಳ ಉತ್ತರ ಒಂದೇ ಕಡೆ ಇದೆ. ಔಷಧಿಯು ಹೇಗೆ ಹುಟ್ಟುತ್ತದೆ, ಹೇಗೆ ಕೆಲಸ ಮಾಡುತ್ತದೆ ಮತ್ತು ಹೇಗೆ ತನ್ನ ಬಲವನ್ನು ಕಳೆದುಕೊಳ್ಳುತ್ತದೆ ಎಂಬುದನ್ನು ಅರಿತವರಿಗೆ ಆ ಉತ್ತರವು ತಾನಾಗಿಯೇ ದೊರೆಯುತ್ತದೆ. ಈ ಪಾಠದಲ್ಲಿ ಅದನ್ನು ತಿಳಿಯೋಣ.

ರೋಗಾಣು ಮತ್ತು ಅದರ ಮೇಣದ ಕವಚ

ಕ್ಷಯವು ಶಾಪದಿಂದಾಗಲಿ, ಪೂರ್ವಜರ ಪಾಪದಿಂದಾಗಲಿ ಬರುವ ರೋಗವಲ್ಲ. ಅದು ಒಂದು ಸೂಕ್ಷ್ಮಾಣುವಿನಿಂದ ಬರುವ ಸಾಂಕ್ರಾಮಿಕ ರೋಗ. ಜರ್ಮನಿಯ ವೈದ್ಯ ರಾಬರ್ಟ್ ಕಾಕ್ ಅವರು 1882ರ ಮಾರ್ಚ್ 24ರಂದು ಬರ್ಲಿನ್ ನಗರದಲ್ಲಿ ಈ ರೋಗಾಣುವನ್ನು ಜಗತ್ತಿಗೆ ತೋರಿಸಿಕೊಟ್ಟರು. ರೋಗಿಯು ಕೆಮ್ಮಿದಾಗ ಗಾಳಿಗೆ ಸೇರುವ ಸಣ್ಣ ಹನಿಗಳ ಮೂಲಕ ಅದು ಮತ್ತೊಬ್ಬರ ಶ್ವಾಸಕೋಶವನ್ನು ಸೇರುತ್ತದೆ.

ಈ ರೋಗಾಣುವಿನ ಎರಡು ಗುಣಗಳನ್ನು ನೆನಪಿನಲ್ಲಿಡಬೇಕು. ಮೊದಲನೆಯದು, ಅದರ ಸುತ್ತಲೂ ಮೇಣದಂತಹ ದಪ್ಪ ಕವಚವಿದೆ. ಸಾಮಾನ್ಯ ಔಷಧಿಗಳು ಈ ಕವಚವನ್ನು ದಾಟಿ ಒಳಗೆ ಹೋಗಲಾರವು. ಎರಡನೆಯದು, ಅದು ಬಹಳ ನಿಧಾನವಾಗಿ ಬೆಳೆಯುತ್ತದೆ. ಬೇರೆ ಅನೇಕ ಸೂಕ್ಷ್ಮಾಣುಗಳು ಅರ್ಧ ಗಂಟೆಗೊಮ್ಮೆ ಎರಡಾಗಿ ಒಡೆದರೆ, ಕ್ಷಯದ ರೋಗಾಣುವಿಗೆ ಇಪ್ಪತ್ತು ಗಂಟೆಗಳಷ್ಟು ಕಾಲ ಬೇಕು. ಕೆಲವು ರೋಗಾಣುಗಳು ಬೆಳೆಯದೆ ನಿದ್ರಿಸುವಂತೆಯೂ ಇರಬಲ್ಲವು. ಬೆಳೆಯುತ್ತಿರುವ ರೋಗಾಣುವನ್ನು ಕೊಲ್ಲುವುದು ಸುಲಭ. ನಿದ್ರಿಸುತ್ತಿರುವುದನ್ನು ಕೊಲ್ಲುವುದು ಕಠಿಣ. ಎರಡು ತಿಂಗಳಲ್ಲಿ ಕೆಮ್ಮು ನಿಂತರೂ ಚಿಕಿತ್ಸೆ ಮುಂದುವರಿಯಬೇಕಾದ ಕಾರಣವಿದು.

ಸಂಶ್ಲೇಷಣೆ ಎಂದರೇನು?

ಔಷಧಿಗಳು ಎರಡು ಮೂಲಗಳಿಂದ ದೊರೆಯುತ್ತವೆ. ಕೆಲವು ಔಷಧಿಗಳನ್ನು ನಿಸರ್ಗವೇ ತಯಾರಿಸುತ್ತದೆ. ಅಮೆರಿಕದಲ್ಲಿ 1943ರಲ್ಲಿ ಕಂಡುಹಿಡಿದ ಸ್ಟ್ರೆಪ್ಟೋಮೈಸಿನ್ ಮಣ್ಣಿನಲ್ಲಿ ವಾಸಿಸುವ ಒಂದು ಸೂಕ್ಷ್ಮಜೀವಿಯಿಂದ ಬಂದುದು. ಬೇರೆ ಕೆಲವನ್ನು ರಸಾಯನಶಾಸ್ತ್ರಜ್ಞರು ಸರಳ ವಸ್ತುಗಳನ್ನು ಒಂದಕ್ಕೊಂದು ಜೋಡಿಸಿ ಪ್ರಯೋಗಶಾಲೆಯಲ್ಲಿ ತಯಾರಿಸುತ್ತಾರೆ. ಹೀಗೆ ಜೋಡಿಸುವ ಕ್ರಿಯೆಗೆ ರಾಸಾಯನಿಕ ಸಂಶ್ಲೇಷಣೆ ಎಂದು ಹೆಸರು.

ರಾಮದುರ್ಗದ ನೇಕಾರನು ಒಂದೇ ಮಗ್ಗದಲ್ಲಿ ಎಳೆಗಳ ಬಣ್ಣವನ್ನು ಬದಲಿಸಿ ಬೇರೆ ಬೇರೆ ದಡಿಯ ಸೀರೆಗಳನ್ನು ನೇಯುತ್ತಾನೆ. ರಸಾಯನಶಾಸ್ತ್ರಜ್ಞನ ಕೆಲಸವೂ ಅಂತಹುದೇ. ಅಣುವಿನ ಮೂಲ ಚೌಕಟ್ಟನ್ನು ಹಾಗೆಯೇ ಇಟ್ಟುಕೊಂಡು, ಅದರ ಒಂದು ಮೂಲೆಯಲ್ಲಿ ಒಂದು ಪರಮಾಣುವನ್ನು ಬದಲಿಸಿದರೆ ಹೊಸ ವಸ್ತು ದೊರೆಯುತ್ತದೆ. ಆ ಸಣ್ಣ ಬದಲಾವಣೆಯಿಂದ ನಿರುಪಯುಕ್ತ ವಸ್ತುವು ಔಷಧಿಯಾಗಬಹುದು. ಔಷಧಿಯು ವಿಷವೂ ಆಗಬಹುದು. ಯಾವುದು ಏನಾಗುತ್ತದೆ ಎಂಬುದು ಮೊದಲೇ ನಿಶ್ಚಿತವಾಗಿ ತಿಳಿಯದಿರುವುದರಿಂದ ಒಂದೊಂದನ್ನೂ ತಯಾರಿಸಿ ಪರೀಕ್ಷಿಸಬೇಕಾಗುತ್ತದೆ.

ಇವೆರಡರ ನಡುವಿನ ದಾರಿಯೂ ಒಂದುಂಟು. ಇಟಲಿಯ ಮಿಲಾನ್ ನಗರದ ಲೆಪೆಟಿಟ್ ಪ್ರಯೋಗಶಾಲೆಯವರು 1957ರಲ್ಲಿ ಫ್ರಾನ್ಸ್ ದೇಶದ ಕಡಲತೀರದಿಂದ ತಂದ ಮಣ್ಣಿನಲ್ಲಿ ರಿಫಾಮೈಸಿನ್ ಎಂಬ ವಸ್ತುವನ್ನು ಪಡೆದರು. ಆದರೆ ಅದನ್ನು ಬಾಯಿಯ ಮೂಲಕ ಕೊಟ್ಟರೆ ದೇಹವು ಹೀರಿಕೊಳ್ಳುತ್ತಿರಲಿಲ್ಲ. ರಸಾಯನಶಾಸ್ತ್ರಜ್ಞರು ಅದರ ರಚನೆಯನ್ನು ಹಲವು ಬಗೆಯಲ್ಲಿ ಮಾರ್ಪಡಿಸಿದರು. 1965ರಲ್ಲಿ ಬಾಯಿಯ ಮೂಲಕ ಕೊಡಬಹುದಾದ ರಿಫಾಂಪಿಸಿನ್ ಸಿದ್ಧವಾಯಿತು. ಇಂದಿಗೂ ಕ್ಷಯ ಚಿಕಿತ್ಸೆಯ ಆಧಾರಸ್ತಂಭ ಇದೇ ಆಗಿದೆ. ಈ ಔಷಧಿಯನ್ನು ಸೇವಿಸುವವರ ಮೂತ್ರವು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅದು ಔಷಧಿಯ ಸಹಜ ಬಣ್ಣ, ಅದಕ್ಕೆ ಗಾಬರಿಪಡಬೇಕಾಗಿಲ್ಲ.

ನಲವತ್ತು ವರ್ಷ ಮೂಲೆಯಲ್ಲಿದ್ದ ಔಷಧಿ

ಸಂಪೂರ್ಣ ಸಂಶ್ಲೇಷಣೆಯಿಂದ ಬಂದ ಔಷಧಿಗಳಲ್ಲಿ ಐಸೋನಿಯಾಜಿಡ್ ಅತಿ ಮುಖ್ಯವಾದುದು. ಇದನ್ನು ಮೊದಲು ತಯಾರಿಸಿದವರು ಪ್ರಾಗ್ ನಗರದ ಹಾನ್ಸ್ ಮೇಯರ್ ಮತ್ತು ಯೋಸೆಫ್ ಮಾಲ್ಲಿ ಎಂಬ ರಸಾಯನಶಾಸ್ತ್ರಜ್ಞರು, ವರ್ಷ 1912. ಅವರ ಉದ್ದೇಶ ಔಷಧಿ ಹುಡುಕುವುದಾಗಿರಲಿಲ್ಲ. ವಸ್ತುವನ್ನು ತಯಾರಿಸಿ, ಅದರ ಗುಣಗಳನ್ನು ಬರೆದಿಟ್ಟು ಅವರು ಮುಂದೆ ಸಾಗಿದರು. ಕ್ಷಯದ ರೋಗಾಣುವಿನ ಮೇಲೆ ಅದನ್ನು ಪ್ರಯೋಗಿಸಿ ನೋಡಬೇಕೆಂದು ಆಗ ಯಾರಿಗೂ ಹೊಳೆಯಲಿಲ್ಲ.

ಸುಮಾರು ನಲವತ್ತು ವರ್ಷಗಳ ತರುವಾಯ, 1951-52ರ ಸುಮಾರಿಗೆ, ಮೂರು ಔಷಧ ಕಂಪನಿಗಳು ಒಂದಕ್ಕೊಂದು ತಿಳಿಯದಂತೆ ಇದೇ ವಸ್ತುವನ್ನು ಪರೀಕ್ಷಿಸಿದವು. ಅತ್ಯಲ್ಪ ಪ್ರಮಾಣದಲ್ಲಿಯೇ ಅದು ಕ್ಷಯದ ರೋಗಾಣುವನ್ನು ಕೊಲ್ಲುವುದು ಕಂಡುಬಂದಿತು. ಆ ನಲವತ್ತು ವರ್ಷಗಳಲ್ಲಿ ಜಗತ್ತಿನಾದ್ಯಂತ ಕ್ಷಯದಿಂದ ಮಡಿದವರ ಸಂಖ್ಯೆಗೆ ಲೆಕ್ಕವಿಲ್ಲ. ವಸ್ತುವನ್ನು ತಯಾರಿಸಿದರೆ ಸಾಲದು, ಅದನ್ನು ರೋಗಾಣುವಿನ ಮುಂದೆ ಇಟ್ಟು ಪರೀಕ್ಷಿಸಲೂಬೇಕು ಎಂಬ ಪಾಠವನ್ನು ವಿಜ್ಞಾನಿಗಳು ಇದರಿಂದ ಕಲಿತರು.

ಐಸೋನಿಯಾಜಿಡ್ ಅಗ್ಗದ ಔಷಧಿ. ಬಾಯಿಯ ಮೂಲಕ ಕೊಡಬಹುದಾದುದು. ಆದುದರಿಂದ ಚಿಕಿತ್ಸೆಯು ಆಸ್ಪತ್ರೆಯ ಹಾಸಿಗೆಯಿಂದ ಮನೆಗೆ ಬರುವುದು ಸಾಧ್ಯವಾಯಿತು. ಮದರಾಸಿನ ಕ್ಷಯ ಚಿಕಿತ್ಸಾ ಸಂಶೋಧನ ಕೇಂದ್ರದಲ್ಲಿ 1956ರಲ್ಲಿ ಆರಂಭವಾದ ಅಧ್ಯಯನವು, ಮನೆಯಲ್ಲಿದ್ದು ಕ್ರಮವಾಗಿ ಔಷಧಿ ಸೇವಿಸಿದವರು ಸ್ಯಾನಿಟೋರಿಯಂನಲ್ಲಿ ಇದ್ದವರಂತೆಯೇ ಗುಣವಾಗುವರೆಂದು ತೋರಿಸಿತು. ಇದರಿಂದ ಮನೆಯವರಿಗೆ ಹೆಚ್ಚಿನ ಅಪಾಯವಾಗಲಿಲ್ಲವೆಂಬುದೂ ಸಿದ್ಧವಾಯಿತು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. 1962ರಲ್ಲಿ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮವು ಆರಂಭವಾಯಿತು. ಇಂದು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಗುಳಿಗೆ ದೊರೆಯುವುದಕ್ಕೆ ಇವೆಲ್ಲವೂ ಕಾರಣ.

ಒಂದೇ ಔಷಧಿ ಏಕೆ ಸಾಲದು?

ಶ್ವಾಸಕೋಶದಲ್ಲಿ ರೋಗದಿಂದ ಆದ ಒಂದು ಕುಹರದಲ್ಲಿ ಹತ್ತು ಕೋಟಿ ರೋಗಾಣುಗಳು ಇರಬಹುದು. ಇವುಗಳಲ್ಲಿ ಸುಮಾರು ಹತ್ತು ಲಕ್ಷಕ್ಕೆ ಒಂದು ರೋಗಾಣುವಿಗೆ ಹುಟ್ಟಿನಿಂದಲೇ ಐಸೋನಿಯಾಜಿಡ್ ತಾಗುವುದಿಲ್ಲ. ಅಂದರೆ ಹತ್ತು ಕೋಟಿಯಲ್ಲಿ ನೂರು ರೋಗಾಣುಗಳು ಆ ಔಷಧಿಗೆ ಜಗ್ಗುವುದಿಲ್ಲ. ಅದೊಂದನ್ನೇ ಕೊಟ್ಟರೆ ಉಳಿದವೆಲ್ಲ ಸತ್ತು ಈ ನೂರು ಮಾತ್ರ ಉಳಿಯುತ್ತವೆ. ಹೊಲದಲ್ಲಿ ಬೆಳೆಯನ್ನು ಕಿತ್ತು ಕಳೆಯನ್ನು ಉಳಿಸಿದಂತೆ, ಕೆಲವೇ ತಿಂಗಳುಗಳಲ್ಲಿ ಆ ನೂರರ ಸಂತತಿಯೇ ಕುಹರವನ್ನು ತುಂಬುತ್ತದೆ. ಸ್ಟ್ರೆಪ್ಟೋಮೈಸಿನ್ ಒಂದನ್ನೇ ಕೊಡುತ್ತಿದ್ದ ಆರಂಭದ ದಿನಗಳಲ್ಲಿ ಆದುದು ಇದೇ. ರೋಗಿಗಳು ಮೊದಲು ಚೇತರಿಸಿಕೊಂಡು ಮತ್ತೆ ಹಾಸಿಗೆ ಹಿಡಿದರು.

ರಿಫಾಂಪಿಸಿನ್‌ಗೆ ಜಗ್ಗದ ರೋಗಾಣು ಸುಮಾರು ಹತ್ತು ಕೋಟಿಗೆ ಒಂದು. ಎರಡೂ ಔಷಧಿಗಳಿಗೆ ಏಕಕಾಲದಲ್ಲಿ ಜಗ್ಗದ ರೋಗಾಣು ಕೋಟಿಯ ಕೋಟಿಗೆ ಒಂದು. ಅಷ್ಟು ರೋಗಾಣುಗಳು ಯಾವ ರೋಗಿಯ ಶ್ವಾಸಕೋಶದಲ್ಲಿಯೂ ಇರುವುದಿಲ್ಲ. ಆದುದರಿಂದಲೇ ಮೊದಲ ಎರಡು ತಿಂಗಳು ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಇಥಾಂಬ್ಯುಟಾಲ್ ಎಂಬ ನಾಲ್ಕು ಔಷಧಿಗಳನ್ನೂ, ಮುಂದಿನ ನಾಲ್ಕು ತಿಂಗಳು ಪೈರಾಜಿನಮೈಡ್ ಬಿಟ್ಟು ಉಳಿದ ಮೂರನ್ನೂ ಒಂದೇ ಗುಳಿಗೆಯಲ್ಲಿ ಸೇರಿಸಿ ಪ್ರತಿದಿನ ಕೊಡಲಾಗುತ್ತದೆ. ಇವುಗಳಲ್ಲಿ ರಿಫಾಂಪಿಸಿನ್ ಹೊರತು ಉಳಿದ ಮೂರೂ ಪೂರ್ಣವಾಗಿ ಪ್ರಯೋಗಶಾಲೆಯ ಸಂಶ್ಲೇಷಣೆಯಿಂದ ಬಂದವುಗಳು.

ಒಂದು ದಿನ ನುಂಗಿ ಎರಡು ದಿನ ಬಿಟ್ಟರೆ, ಅಥವಾ ಎರಡು ತಿಂಗಳಿಗೇ ನಿಲ್ಲಿಸಿದರೆ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಉಳಿದುಕೊಂಡ ರೋಗಾಣುಗಳು ಮತ್ತೆ ಬೆಳೆದು, ಕ್ರಮೇಣ ಒಂದಾದ ಮೇಲೊಂದು ಔಷಧಿಯನ್ನು ಎದುರಿಸುವ ಶಕ್ತಿ ಪಡೆಯುತ್ತವೆ. ಅನಂತರ ಆ ರೋಗಿಯಿಂದ ಮಕ್ಕಳಿಗೆ ಹರಡುವುದು ಔಷಧಿಗೆ ಜಗ್ಗದ ಕ್ಷಯವೇ ಆಗಿರುತ್ತದೆ.

ಧಾರವಾಡದಲ್ಲಿ ನಡೆದಿರುವ ಕೆಲಸ

ರೋಗಾಣುವು ಐಸೋನಿಯಾಜಿಡ್‌ನಿಂದ ಹೇಗೆ ತಪ್ಪಿಸಿಕೊಳ್ಳುತ್ತದೆ ಎಂಬುದು ಈಗ ತಿಳಿದಿದೆ. ಆ ಔಷಧಿಯು ನೇರವಾಗಿ ಕೆಲಸ ಮಾಡುವುದಿಲ್ಲ. ರೋಗಾಣುವಿನ ಒಳಗಿರುವ ಕ್ಯಾಟ್-ಜಿ ಎಂಬ ಕಿಣ್ವವು ಮೊದಲು ಅದನ್ನು ಚುರುಕುಗೊಳಿಸಬೇಕು. ಚುರುಕುಗೊಂಡ ಔಷಧಿಯು ಇನ್-ಎಚ್-ಎ ಎಂಬ ಮತ್ತೊಂದು ಕಿಣ್ವವನ್ನು ತಡೆಯುತ್ತದೆ. ಈ ಎರಡನೆಯ ಕಿಣ್ವವೇ ಮೇಣದ ಕವಚವನ್ನು ಕಟ್ಟಲು ನೆರವಾಗುವುದು. ಅದು ನಿಂತರೆ ಕವಚವಿಲ್ಲದೆ ರೋಗಾಣು ಸಾಯುತ್ತದೆ. ಔಷಧಿಗೆ ಜಗ್ಗದ ರೋಗಾಣುಗಳಲ್ಲಿ ಅನೇಕವು ಮೊದಲನೆಯ ಕಿಣ್ವವನ್ನೇ ಕೆಡಿಸಿಕೊಂಡಿರುತ್ತವೆ. ಆಗ ಔಷಧಿಯು ಒಳಗೆ ಹೋದರೂ ಚುರುಕುಗೊಳ್ಳುವುದಿಲ್ಲ.

ಹಾಗಾದರೆ ಮೊದಲನೆಯ ಕಿಣ್ವದ ಹಂಗಿಲ್ಲದೆ ಎರಡನೆಯದನ್ನು ನೇರವಾಗಿ ತಡೆಯುವ ವಸ್ತುವನ್ನು ತಯಾರಿಸಬಾರದೇಕೆ? ಜಗತ್ತಿನ ಹಲವು ಪ್ರಯೋಗಶಾಲೆಗಳು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿವೆ. ಅವುಗಳಲ್ಲಿ ಒಂದು ನಿಮ್ಮ ಸಮೀಪದಲ್ಲಿಯೇ ಇದೆ. ಕಿತ್ತೂರಿನಿಂದ ಹೆದ್ದಾರಿಯಲ್ಲಿ ಒಂದು ಗಂಟೆಯೊಳಗೆ ತಲುಪಬಹುದಾದ ಧಾರವಾಡದ ಸಂಗೊಳ್ಳಿ ರಾಯಣ್ಣ ನಗರದಲ್ಲಿರುವ ಎಸ್.ಇ.ಟಿ. ಫಾರ್ಮಸಿ ಕಾಲೇಜಿನಲ್ಲಿ ಶ್ರೀನಿವಾಸ ಜೋಶಿ ಮತ್ತು ಅವರ ಸಂಗಡಿಗರು ಪಿರೋಲ್ ಎಂಬ ಉಂಗುರವುಳ್ಳ ವಸ್ತುಗಳನ್ನು ತಯಾರಿಸಿ, ಅವು ಕ್ಷಯದ ರೋಗಾಣುವನ್ನು ತಡೆಯಬಲ್ಲವೇ ಎಂದು ಪರೀಕ್ಷಿಸಿದ್ದಾರೆ.

ಪಿರೋಲ್ ಎಂಬುದು ನಾಲ್ಕು ಇಂಗಾಲದ ಮತ್ತು ಒಂದು ಸಾರಜನಕದ ಪರಮಾಣುಗಳು ಸೇರಿ ಆಗುವ ಐದು ಮೂಲೆಗಳ ಉಂಗುರ. ನಿಮ್ಮ ರಕ್ತದ ಕೆಂಪಿನಲ್ಲಿಯೂ, ಎಲೆಯ ಹಸಿರಿನಲ್ಲಿಯೂ ಇದೇ ಬಗೆಯ ಉಂಗುರಗಳಿವೆ. ಕೆಲಸದ ಕ್ರಮವು ಹೀಗಿರುತ್ತದೆ:

1. ಕಿಣ್ವವು ಕೀಲಿಯಾದರೆ ಔಷಧಿಯು ಕೀಲಿಕೈ. ಕಿಣ್ವದ ಆಕೃತಿಯನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಂಡು, ಯಾವ ಆಕಾರದ ಅಣುವು ಅದರ ಒಳಗೆ ಸರಿಯಾಗಿ ಕೂಡಬಲ್ಲದು ಎಂದು ಮೊದಲು ಅಂದಾಜು ಮಾಡುತ್ತಾರೆ.

2. ಅನಂತರ ಪ್ರಯೋಗಶಾಲೆಯಲ್ಲಿ ಸರಳವಾದ ಒಂದು ವಸ್ತುವನ್ನು ತೆಗೆದುಕೊಂಡು, ಗಾಢವಾದ ಅಸೆಟಿಕ್ ಆಮ್ಲದಲ್ಲಿ ಕಾಯಿಸಿ, ಅದರ ಮೇಲೆ ಪಿರೋಲ್ ಉಂಗುರವನ್ನು ಕಟ್ಟುತ್ತಾರೆ. ಅಸೆಟಿಕ್ ಆಮ್ಲವೆಂದರೆ ವಿನಿಗರ್‌ಗೆ ಹುಳಿಯನ್ನು ಕೊಡುವ ಆಮ್ಲ.

3. ದೊರೆತ ವಸ್ತುವನ್ನು ಹೈಡ್ರಜೀನ್ ಎಂಬ ದ್ರವದೊಡನೆ ಕಾಯಿಸಿದರೆ ಹೈಡ್ರಜೈಡ್ ಎಂಬ ವರ್ಗದ ವಸ್ತುವಾಗುತ್ತದೆ. ಐಸೋನಿಯಾಜಿಡ್ ಕೂಡ ಇದೇ ವರ್ಗಕ್ಕೆ ಸೇರಿದುದು. ಇದರ ಮೇಲೆ ಬೇರೆ ಬೇರೆ ಉಂಗುರಗಳನ್ನು ಜೋಡಿಸಿ ಹತ್ತಾರು ಹೊಸ ವಸ್ತುಗಳನ್ನು ಪಡೆಯುತ್ತಾರೆ.

4. ಪ್ರತಿಯೊಂದು ವಸ್ತುವೂ ಶುದ್ಧವಾಗಿದೆಯೇ, ಬಯಸಿದ ರಚನೆಯೇ ಬಂದಿದೆಯೇ ಎಂಬುದನ್ನು ಅದು ಕರಗುವ ಉಷ್ಣತೆಯಿಂದಲೂ ಯಂತ್ರಗಳ ನೆರವಿನಿಂದಲೂ ಖಚಿತಪಡಿಸಿಕೊಳ್ಳುತ್ತಾರೆ.

5. ಕೊನೆಯದಾಗಿ ವಸ್ತುವನ್ನು ರೋಗಾಣುವಿನ ಮುಂದೆ ಇಡುತ್ತಾರೆ. ಬೆಳಗಾವಿಯ ಮರಾಠಾ ಮಂಡಳ ದಂತ ವೈದ್ಯಕೀಯ ಕಾಲೇಜಿನ ಪ್ರಯೋಗಶಾಲೆಯಲ್ಲಿ ಇಂತಹ ಪರೀಕ್ಷೆಗಳು ನಡೆದಿವೆ. 96 ಸಣ್ಣ ಗುಳಿಗಳುಳ್ಳ ತಟ್ಟೆಯಲ್ಲಿ ರೋಗಾಣುಗಳನ್ನೂ, ಬೇರೆ ಬೇರೆ ಪ್ರಮಾಣದಲ್ಲಿ ಹೊಸ ವಸ್ತುವನ್ನೂ ಹಾಕಿ ಕೆಲವು ದಿನ ಬೆಚ್ಚಗೆ ಇಟ್ಟು, ಆಮೇಲೆ ನೀಲಿ ಬಣ್ಣವೊಂದನ್ನು ಸೇರಿಸುತ್ತಾರೆ. ರೋಗಾಣು ಬೆಳೆದಿದ್ದರೆ ನೀಲಿಯು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ನೀಲಿಯಾಗಿಯೇ ಉಳಿದರೆ ಆ ವಸ್ತುವು ರೋಗಾಣುವನ್ನು ತಡೆದಿದೆ ಎಂದು ಅರ್ಥ.

ಈ ಪರೀಕ್ಷೆಯಲ್ಲಿ ಕೆಲವು ವಸ್ತುಗಳು ಗುಳಿಯನ್ನು ನೀಲಿಯಾಗಿಯೇ ಉಳಿಸಿವೆ. ಅದು ಸಂತೋಷದ ಸಂಗತಿ. ಆದರೆ ಅವುಗಳಲ್ಲಿ ಯಾವುದೂ ಇನ್ನೂ ರೋಗಿಯ ಕೈಗೆ ಬರುವ ಗುಳಿಗೆಯಾಗಿಲ್ಲ. ಅದೇಕೆ ಎಂಬುದನ್ನು ಈಗ ನೋಡೋಣ.

ತಟ್ಟೆಯಿಂದ ಗುಳಿಗೆಯವರೆಗಿನ ದೂರ

ತಟ್ಟೆಯಲ್ಲಿ ರೋಗಾಣುವನ್ನು ಕೊಲ್ಲುವುದು ಮೊದಲ ಮೆಟ್ಟಿಲು ಮಾತ್ರ. ಬೆಂಕಿಯೂ ರೋಗಾಣುವನ್ನು ಕೊಲ್ಲುತ್ತದೆ. ಅದನ್ನು ರೋಗಿಗೆ ಕೊಡಲಾಗುವುದಿಲ್ಲ. ಹೊಸ ವಸ್ತುವು ಮನುಷ್ಯನ ಜೀವಕೋಶಗಳಿಗೆ ಹಾನಿ ಮಾಡಬಾರದು. ಹೊಟ್ಟೆಯಿಂದ ರಕ್ತಕ್ಕೆ ಸೇರಿ ಶ್ವಾಸಕೋಶವನ್ನು ತಲುಪಬೇಕು. ಯಕೃತ್ತು ಅದನ್ನು ಬೇಗನೆ ಒಡೆದುಹಾಕಬಾರದು. ಅದೂ ಯಕೃತ್ತನ್ನು ಕೆಡಿಸಬಾರದು. ರೋಗಿಯು ಸೇವಿಸುವ ಇತರ ಔಷಧಿಗಳೊಡನೆ ಹೊಂದಿಕೊಳ್ಳಬೇಕು. ಮೊದಲು ಪ್ರಾಣಿಗಳಲ್ಲಿ, ಆಮೇಲೆ ಕೆಲವೇ ಆರೋಗ್ಯವಂತರಲ್ಲಿ, ಕೊನೆಗೆ ನೂರಾರು ರೋಗಿಗಳಲ್ಲಿ ಇವೆಲ್ಲವನ್ನೂ ಪರೀಕ್ಷಿಸಬೇಕು. ಈ ದಾರಿಯಲ್ಲಿ ಬಹುಪಾಲು ವಸ್ತುಗಳು ಬಿದ್ದುಹೋಗುತ್ತವೆ.

ಬೆಡಾಕ್ವಿಲಿನ್ ಎಂಬ ಹೊಸ ಔಷಧಿಯು ಇದಕ್ಕೆ ನಿದರ್ಶನ. ಸುಮಾರು 70,000 ವಸ್ತುಗಳನ್ನು ಪರೀಕ್ಷಿಸಿದ ಕೆಲಸದಿಂದ ಇದು ಹೊರಬಂದಿತು. ರೋಗಾಣುವಿಗೆ ಶಕ್ತಿಯನ್ನು ಒದಗಿಸುವ ಕಿಣ್ವವನ್ನೇ ಇದು ನಿಲ್ಲಿಸುತ್ತದೆ. ಸಂಶೋಧನೆಯು ಪ್ರಕಟವಾದುದು 2005ರಲ್ಲಿ. ಅಮೆರಿಕದಲ್ಲಿ ಬಳಕೆಗೆ ಅನುಮತಿ ದೊರೆತುದು 2012ರ ಡಿಸೆಂಬರಿನಲ್ಲಿ. ಭಾರತದಲ್ಲಿ ಆಯ್ದ ಕೇಂದ್ರಗಳಲ್ಲಿ ಕೊಡಲು ಆರಂಭಿಸಿದುದು 2016ರಲ್ಲಿ. ರಿಫಾಂಪಿಸಿನ್ ಬಂದ ಮೇಲೆ ಇಂತಹ ಹೊಸ ಬಗೆಯ ಕ್ಷಯದ ಔಷಧಿಗಾಗಿ ಜಗತ್ತು ಸುಮಾರು ನಲವತ್ತು ವರ್ಷ ಕಾಯಬೇಕಾಯಿತು.

ನಮ್ಮ ರಾಜ್ಯದ ಇನ್ನೊಂದು ಉದಾಹರಣೆಯೂ ಉಂಟು. ಬೆಂಗಳೂರಿನಲ್ಲಿದ್ದ ಆಸ್ಟ್ರಾಜೆನೆಕಾ ಕಂಪನಿಯ ಸಂಶೋಧನ ಕೇಂದ್ರದ ರಸಾಯನಶಾಸ್ತ್ರಜ್ಞರು ಅಜಾಇಂಡೋಲ್ ಎಂಬ ವರ್ಗದ ವಸ್ತುಗಳನ್ನು ತಯಾರಿಸಿ 2013ರಲ್ಲಿ ಪ್ರಕಟಿಸಿದರು. ಅವು ಕವಚವನ್ನು ಕಟ್ಟುವ ಬೇರೊಂದು ಕಿಣ್ವವನ್ನು ತಡೆಯುತ್ತವೆ. ಆ ಕೇಂದ್ರವು 2014ರಲ್ಲಿ ಮುಚ್ಚಿತು. ಆದರೂ ಅಲ್ಲಿ ಹುಟ್ಟಿದ ಟಿಬಿಎ-7371 ಎಂಬ ವಸ್ತುವು ಬೇರೆ ಸಂಸ್ಥೆಗಳ ಕೈಯಲ್ಲಿ ಮುಂದುವರಿದು ಮನುಷ್ಯರಲ್ಲಿ ಪರೀಕ್ಷಿಸುವ ಹಂತವನ್ನು ತಲುಪಿತು.

ಇಷ್ಟೆಲ್ಲ ಶ್ರಮದ ಫಲವನ್ನು ಕಡೆಗಣಿಸಲಾಗದು. ಔಷಧಿಗೆ ಜಗ್ಗದ ಕ್ಷಯಕ್ಕೆ ಹಿಂದೆ 18ರಿಂದ 20 ತಿಂಗಳ ಚಿಕಿತ್ಸೆ ಬೇಕಾಗುತ್ತಿತ್ತು. ಬೆಡಾಕ್ವಿಲಿನ್, ಪ್ರೆಟೊಮಾನಿಡ್, ಲಿನೆಜೋಲಿಡ್ ಮತ್ತು ಮಾಕ್ಸಿಫ್ಲಾಕ್ಸಸಿನ್ ಎಂಬ ನಾಲ್ಕು ಔಷಧಿಗಳನ್ನು ಒಟ್ಟಿಗೆ ಕೊಡುವ ಆರು ತಿಂಗಳ ಚಿಕಿತ್ಸೆಗೆ ಭಾರತ ಸರ್ಕಾರವು 2024ರಲ್ಲಿ ಒಪ್ಪಿಗೆ ನೀಡಿತು. ಈ ನಾಲ್ಕೂ ಸಂಶ್ಲೇಷಣೆಯಿಂದ ಬಂದವುಗಳೇ. ಆದರೆ ಇವು ಸಾಮಾನ್ಯ ಕ್ಷಯಕ್ಕೆ ಬೇಗ ಗುಣ ಕಾಣಲೆಂದು ಕೊಡುವ ಔಷಧಿಗಳಲ್ಲ. ಬೇರೆ ದಾರಿ ಇಲ್ಲದವರಿಗಾಗಿ ಕಾಯ್ದಿರಿಸಿದ ಔಷಧಿಗಳು. ಇವುಗಳನ್ನೂ ಅರೆಬರೆಯಾಗಿ ಬಳಸಿದರೆ ರೋಗಾಣುವು ಇವುಗಳಿಂದಲೂ ತಪ್ಪಿಸಿಕೊಳ್ಳುವುದನ್ನು ಕಲಿಯುತ್ತದೆ.

ಮನೆಯವರು ತಿಳಿದಿರಬೇಕಾದುದು

ಎರಡು ವಾರಕ್ಕೂ ಮೀರಿದ ಕೆಮ್ಮು, ಸಂಜೆಯ ಜ್ವರ, ತೂಕ ಇಳಿಯುವುದು, ಕಫದಲ್ಲಿ ರಕ್ತ, ಇವುಗಳಲ್ಲಿ ಯಾವುದು ಕಂಡರೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ತಾಲ್ಲೂಕು ಆಸ್ಪತ್ರೆಗೆ ಹೋಗಿ ಕಫ ಪರೀಕ್ಷೆ ಮಾಡಿಸಿಕೊಳ್ಳಿ. ಪರೀಕ್ಷೆಯೂ ಔಷಧಿಯೂ ಉಚಿತ. ರಿಫಾಂಪಿಸಿನ್‌ಗೆ ರೋಗಾಣು ಜಗ್ಗುವುದೋ ಇಲ್ಲವೋ ಎಂಬುದನ್ನು ಆರಂಭದಲ್ಲಿಯೇ ತಿಳಿಯುವ ಪರೀಕ್ಷೆಯೂ ಇದೆ.

ಗುಳಿಗೆಗಳ ಸಂಖ್ಯೆಯನ್ನು ರೋಗಿಯ ತೂಕ ನೋಡಿ ನಿರ್ಧರಿಸುತ್ತಾರೆ. ಒಬ್ಬರ ಗುಳಿಗೆಯನ್ನು ಇನ್ನೊಬ್ಬರಿಗೆ ಕೊಡಬೇಡಿ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಂದವಾದರೆ, ಕೈಕಾಲು ಜೋಮು ಹಿಡಿದರೆ ತಡಮಾಡದೆ ವೈದ್ಯರಿಗೆ ತಿಳಿಸಿ. ಹೆಚ್ಚಿನ ತೊಂದರೆಗಳಿಗೆ ಪರಿಹಾರವಿದೆ. ವೈದ್ಯರನ್ನು ಕೇಳದೆ ಔಷಧಿಯನ್ನು ನಿಲ್ಲಿಸಿ ಮನೆಯಲ್ಲಿ ಕುಳಿತುಕೊಳ್ಳುವುದು ಮಾತ್ರ ಪರಿಹಾರವಲ್ಲ.

ದಂಪತಿಗಳು ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ರಿಫಾಂಪಿಸಿನ್ ಯಕೃತ್ತಿನ ಕೆಲಸವನ್ನು ಚುರುಕುಗೊಳಿಸುವುದರಿಂದ, ಮಾಲಾ-ಎನ್ ಮುಂತಾದ ಗರ್ಭನಿರೋಧಕ ಗುಳಿಗೆಗಳು ದೇಹದಲ್ಲಿ ಬೇಗನೆ ಒಡೆದುಹೋಗಿ ತಮ್ಮ ಪರಿಣಾಮವನ್ನು ಕಳೆದುಕೊಳ್ಳುತ್ತವೆ. ಆದುದರಿಂದ ಚಿಕಿತ್ಸೆಯ ಅವಧಿಯಲ್ಲಿಯೂ, ಅದು ಮುಗಿದ ಒಂದು ತಿಂಗಳವರೆಗೂ ಕಾಪರ್-ಟಿ ಅಥವಾ ನಿರೋಧ್‌ನಂತಹ ಬೇರೆ ವಿಧಾನವನ್ನು ಅನುಸರಿಸುವುದು ಒಳ್ಳೆಯದು. ಈ ಬಗ್ಗೆ ಆರೋಗ್ಯ ಸಹಾಯಕಿಯೊಡನೆ ಸಂಕೋಚವಿಲ್ಲದೆ ಮಾತನಾಡಿ. ಹಾಲೂಡಿಸುವ ತಾಯಿಯು ಔಷಧಿಯನ್ನೂ ಬಿಡಬಾರದು, ಮಗುವಿಗೆ ಹಾಲೂಡಿಸುವುದನ್ನೂ ಬಿಡಬಾರದು. ಕೆಮ್ಮು ಇರುವವರೆಗೆ ಬಾಯಿಗೆ ಬಟ್ಟೆ ಕಟ್ಟಿಕೊಂಡರೆ ಸಾಕು.

ರೋಗಿಯ ಮನೆಯಲ್ಲಿರುವ ಎಲ್ಲರೂ, ಅದರಲ್ಲಿಯೂ ಐದು ವರ್ಷದೊಳಗಿನ ಮಕ್ಕಳು ತಪಾಸಣೆ ಮಾಡಿಸಿಕೊಳ್ಳಬೇಕು. ರೋಗವಿಲ್ಲವೆಂದು ಖಚಿತವಾದ ಮೇಲೆ ಅವರಿಗೆ ರೋಗ ಬಾರದಂತೆ ತಡೆಯುವ ಔಷಧಿಯನ್ನು ಕೊಡುತ್ತಾರೆ. 1912ರಲ್ಲಿ ತಯಾರಾದ ಐಸೋನಿಯಾಜಿಡ್ ಇದಕ್ಕೂ ಬಳಕೆಯಾಗುತ್ತದೆ. ಜೋಳದ ರೊಟ್ಟಿ, ಬೇಳೆ, ಕಾಳು, ಸೊಪ್ಪು, ಮೊಟ್ಟೆ, ಶೇಂಗಾ ಮೊದಲಾದ ಪುಷ್ಟಿಕರ ಆಹಾರವು ರೋಗಿಗೆ ಅಗತ್ಯ. ಇದಕ್ಕಾಗಿ ಸರ್ಕಾರವು ನಿಕ್ಷಯ್ ಪೋಷಣ್ ಯೋಜನೆಯಡಿ ಚಿಕಿತ್ಸೆಯ ಅವಧಿಯಲ್ಲಿ ತಿಂಗಳಿಗೆ 1,000 ರೂಪಾಯಿಗಳನ್ನು ರೋಗಿಯ ಬ್ಯಾಂಕ್ ಖಾತೆಗೆ ನೀಡುತ್ತದೆ. ಈ ಮೊತ್ತವು 2024ರ ನವೆಂಬರ್‌ಗೆ ಮುಂಚೆ 500 ರೂಪಾಯಿ ಇದ್ದಿತು.

ಹೊಸ ಔಷಧಿ ಬರಲೆಂದು ಚಿಕಿತ್ಸೆಯನ್ನು ಮುಂದೂಡಬೇಡಿ. ಈಗಿರುವ ಔಷಧಿಗಳಿಂದಲೇ ಸಾಮಾನ್ಯ ಕ್ಷಯವು ಗುಣವಾಗುತ್ತದೆ. ಹೊಸ ಅಣುವೊಂದನ್ನು ಕಟ್ಟಲು ವಿಜ್ಞಾನಿಗಳಿಗೆ ಹತ್ತಾರು ವರ್ಷ ಬೇಕು. ಅದರ ಬಲವನ್ನು ಹಾಳುಮಾಡಲು ಕೆಲವು ತಿಂಗಳ ಅಲಕ್ಷ್ಯ ಸಾಕು. ನಿಮ್ಮ ಮನೆಯಲ್ಲಿ ಒಬ್ಬರು ಆರು ತಿಂಗಳ ಚಿಕಿತ್ಸೆಯನ್ನು ಪೂರ್ಣಗೊಳಿಸಿದರೆ ಅವರು ಗುಣವಾಗುವುದಲ್ಲದೆ, ಆ ಔಷಧಿಯು ನಿಮ್ಮ ಊರಿನ ಇತರರಿಗೂ ಫಲಕಾರಿಯಾಗಿ ಉಳಿಯುತ್ತದೆ.

ಮಹಿಳಾ ಮಂಡಳ ಮತ್ತು ಯುವಕ ಸಂಘಗಳಲ್ಲಿ ಚರ್ಚಿಸಲು ಪ್ರಶ್ನೆಗಳು

1. ಕೆಮ್ಮು ನಿಂತ ಮೇಲೂ ಚಿಕಿತ್ಸೆಯನ್ನು ಏಕೆ ಮುಂದುವರಿಸಬೇಕು?

2. ಒಂದೇ ಔಷಧಿಯ ಬದಲು ನಾಲ್ಕು ಔಷಧಿಗಳನ್ನು ಒಟ್ಟಿಗೆ ಏಕೆ ಕೊಡುತ್ತಾರೆ?

3. ತಟ್ಟೆಯಲ್ಲಿ ರೋಗಾಣುವನ್ನು ತಡೆದ ವಸ್ತುವನ್ನು ಕೂಡಲೇ ರೋಗಿಗೆ ಏಕೆ ಕೊಡುವುದಿಲ್ಲ?

4. ಕ್ಷಯದ ಚಿಕಿತ್ಸೆಯಲ್ಲಿರುವ ಗೃಹಿಣಿಯು ಸಂತಾನ ನಿಯಂತ್ರಣಕ್ಕೆ ಯಾವ ವಿಧಾನವನ್ನು ಅನುಸರಿಸುವುದು ಸೂಕ್ತ? ಏಕೆ?

5. ನಿಮ್ಮ ಓಣಿಯಲ್ಲಿ ಚಿಕಿತ್ಸೆಯನ್ನು ನಡುವೆ ಬಿಟ್ಟವರಿದ್ದರೆ ಅವರನ್ನು ಮತ್ತೆ ಆರೋಗ್ಯ ಕೇಂದ್ರಕ್ಕೆ ಕರೆತರಲು ನೀವು ಏನು ಮಾಡುವಿರಿ?